ಮಾರಿಕಣಿವೆ ಕೋಡಿ ಬೀಳುವವರೆಗೆ

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಆಶಾವಾದಿಯಾಗುವುದು ಹೇಗೆ ಎಂಬ ಲೇಖನ ಓದಿದೆ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ನಗಬೇಕು ಎಂದಿತ್ತು. ಎರಡು ದಿನ ನಕ್ಕೆ. ಮೂರನೆಯ ದಿನ ನನ್ನ ಹೆಂಡತಿ ‘ಹಲ್ಲು ನೋಯುತ್ತಿದೆಯೇ’ ಎಂದು ಕೇಳಿದಳು. ಲೇಖನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆಶಾವಾದ ಮುಖದಲ್ಲಿರುತ್ತದೆ ಎಂಬುದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ.

ನಾನು ಹಿರಿಯೂರು ತಾಲ್ಲೂಕಿನವನು. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ಮೂರು ಎಕರೆ ತೆಂಗು ಇದೆ. ನಮ್ಮ ಬಾಯಲ್ಲಿ ಅದು ಈಗಲೂ ಮಾರಿಕಣಿವೆಯೇ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ನನ್ನ ತಂದೆ ಹುಟ್ಟಿದ್ದು ಆ ವರ್ಷ. ಶಾಲೆಯ ದಾಖಲೆಯಲ್ಲಿ ಬೇರೆ ಇಸವಿ ಬರೆಸಿದ್ದರೂ ಅಜ್ಜಿಯ ಲೆಕ್ಕದಲ್ಲಿ ಅವರು ಕೋಡಿ ಬಿದ್ದ ವರ್ಷದ ಮಗು. ಆ ಹೆಗ್ಗಳಿಕೆಯಿಂದಲೋ ಏನೋ, ಪ್ರತಿ ವರ್ಷ ಸ್ವಾತಿ ಮಳೆ ಮುಗಿದ ಮೇಲೆ ಅವರದು ಒಂದೇ ಮಾತು: ‘ಬರುವ ವರ್ಷ ಕೋಡಿ ಬೀಳುತ್ತದೆ.’ ಊರಿನವರು ನಗುತ್ತಿದ್ದರು. ಹುಡುಗನಾಗಿದ್ದಾಗ ನನಗೆ ನಾಚಿಕೆಯಾಗುತ್ತಿತ್ತು.

ಆದರೆ ಅವರು ಅಷ್ಟು ಹೇಳಿ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಬೇಸಿಗೆ ಬಂದರೆ ನಮ್ಮ ಜಮೀನಿಗೆ ಬರುವ ಕಾಲುವೆಯ ಹೂಳು ತೆಗೆಯುತ್ತಿದ್ದರು. ಕಾಲುವೆಯಲ್ಲಿ ಹನಿ ನೀರಿಲ್ಲದ ವರ್ಷವೂ ತೆಗೆದರು. ಬದುವಿನ ಜಾಲಿ ಕಡಿಯುತ್ತಿದ್ದರು, ಗುದ್ದಲಿಗೆ ಕಾವು ಹಾಕಿಸುತ್ತಿದ್ದರು. ‘ನೀರು ಬಂದ ದಿನ ಗುದ್ದಲಿ ಹುಡುಕಬಾರದು’ ಎನ್ನುತ್ತಿದ್ದರು. ಹಾಗೆ ಕೆಲಸ ಮಾಡಿದ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಈಗಲೂ ಹೊಟ್ಟೆಕಿಚ್ಚಿನಿಂದ ನೆನೆಯುವುದು ಅದನ್ನೇ.

ಏಕೆಂದರೆ ನನ್ನ ಆಶಾವಾದ ಬೇರೆ ಥರದ್ದು. ನಾನು ನಂಬಿದ್ದು ಕೊಳವೆಬಾವಿಯನ್ನು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದವನು ಎಲ್ಲಿ ಕಾಲಿಟ್ಟು ನಿಂತನೋ ಅಲ್ಲೆಲ್ಲ ಕೊರೆಸಿದೆ. ನಾಲ್ಕು ಬಾವಿ. ನಾಲ್ಕನೆಯದು 700 ಅಡಿ ದಾಟಿದರೂ ಬಂದದ್ದು ಬಿಳಿ ದೂಳು. ಇನ್ನು 50 ಅಡಿ ಹೋದರೆ ನೀರು ಸಿಕ್ಕೇ ಸಿಗುತ್ತದೆ ಎಂದು ಲಾರಿಯವನಿಗೆ ಹೇಳಿದವನೂ ನಾನೇ. ಸಾಲ ತೀರುವ ಹೊತ್ತಿಗೆ ಮಗಳ ಮದುವೆ ಎರಡು ವರ್ಷ ಮುಂದೆ ಹೋಗಿತ್ತು. ಆದ್ದರಿಂದ ಆಶಾವಾದದ ಲಾಭಗಳನ್ನು ಬರೆಯುವವರು ಅದರ ಖರ್ಚನ್ನೂ ಒಂದು ಸಾಲು ಬರೆಯಲಿ.

2017ರ ಬೇಸಿಗೆಯಲ್ಲಿ ತೋಟ ಒಣಗಿತು. ಸುಳಿ ಬಾಗಿದ ಮರಗಳನ್ನು ಒಂದೊಂದಾಗಿ ಕಡಿಸಿ ಇಟ್ಟಿಗೆ ಗೂಡಿಗೆ ಕೊಟ್ಟೆ. ನಾನು ಮಾತು ಬಿಟ್ಟಿದ್ದ ದಿನಗಳವು. ಹೆಂಡತಿ ನನಗೆ ಧೈರ್ಯ ಹೇಳಲು ಬರಲಿಲ್ಲ. ಬಚ್ಚಲಿನ ನೀರು ಹೋಗುವ ದಾರಿಯನ್ನು ಹಿತ್ತಲಿಗೆ ತಿರುಗಿಸಿ, ಪಾತ್ರೆ ತೊಳೆದ ನೀರನ್ನು ಬಕೆಟ್‌ನಲ್ಲಿ ಹೊತ್ತು, ಮನೆಯ ಹಿಂದಿನ ಆರು ಗಿಡ ಉಳಿಸಿಕೊಂಡಳು. ‘ಆರು ಗಿಡದಿಂದ ಏನಾಗುತ್ತದೆ?’ ಎಂದು ಕೇಳಿದೆ. ‘ಬೀಜದ ಕಾಯಿಯಾಗುತ್ತದೆ’ ಎಂದಳು. ಇಂದು ತೋಟದಲ್ಲಿ ಮತ್ತೆ ಹಾಕಿರುವ ಸಸಿಗಳೆಲ್ಲ ಆ ಆರು ಮರದವು.

2022ರ ಸೆಪ್ಟೆಂಬರ್‌ನಲ್ಲಿ, ನೀರು 130 ಅಡಿ ಮುಟ್ಟಿ, 89 ವರ್ಷಗಳ ನಂತರ ಮಾರಿಕಣಿವೆ ಕೋಡಿ ಬಿತ್ತು. ಮತ್ತೆ 2025ರ ಜನವರಿಯಲ್ಲೂ ಬಿತ್ತು. ಒಂದು ವಿಷಯ ಗಮನಿಸಿ: ಇಷ್ಟು ವರ್ಷ ಒಣಗಿ ನಿಂತಿದ್ದ ಆ ಕೋಡಿಯನ್ನು ಕಟ್ಟಿದವರು ದಂಡಕ್ಕೆ ಕಟ್ಟಿದರು ಎಂದು ನಮ್ಮ ಕಡೆ ಆಡಿಕೊಳ್ಳುವವರಿದ್ದರು. ನೀರು ಬಂದಾಗ ಅದು ತನ್ನ ದಾರಿಯಲ್ಲೇ ಹೋಯಿತು. ನಮ್ಮೂರಲ್ಲಿ ನಷ್ಟವಾದದ್ದು, ಹಳ್ಳಕ್ಕೆ ಇನ್ನು ನೀರು ಬರುವುದೇ ಇಲ್ಲ ಎಂದು ನಂಬಿ ಅದರಲ್ಲೇ ಹುಲ್ಲಿನ ಬಣವೆ ಒಟ್ಟಿದ್ದ ಒಬ್ಬರಿಗೆ. ನಿರಾಶಾವಾದಕ್ಕೂ ಖರ್ಚಿದೆ, ನೋಡಿ.

ಕೋಡಿ ಬಿದ್ದದ್ದನ್ನು ನೋಡಲು ಹೋದಾಗ ತಂದೆ ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಬಂದಿದ್ದ ಜನರನ್ನು ನೋಡಿದರೆ ಜಾತ್ರೆಯೇ; ಮೊಪೆಡ್ ದೂರದಲ್ಲೇ ನಿಲ್ಲಿಸಿ ನಾವಿಬ್ಬರೂ ನಡೆದು ಹೋದೆವು. ನನ್ನ ಕಣ್ಣು ತುಂಬಿ ಏನೂ ಸರಿಯಾಗಿ ಕಾಣಲಿಲ್ಲ. ಹೆಂಡತಿ ಮಾತ್ರ ಸ್ವಲ್ಪ ಹೊತ್ತು ನೋಡಿ, ‘ಕಾಲುವೆಗೆ ಯಾವಾಗ ಬಿಡುತ್ತಾರಂತೆ? ನಮ್ಮ ತೂಬಿನ ಹತ್ತಿರ ಮೊಣಕಾಲುದ್ದ ಹುಲ್ಲು ಬೆಳೆದಿದೆ’ ಎಂದಳು. ಬರುವಾಗ ಹಿರಿಯೂರಿನಲ್ಲಿ ಇಳಿದು ಗುದ್ದಲಿಗೆ ಹೊಸ ಕಾವು ತಂದೆವು.

ಇಂತಿ,
ತೆಂಗು ಬೆಳೆಗಾರ, ಹಿರಿಯೂರು ತಾಲ್ಲೂಕು