ಯಾರಿಗೆ ಕಾರ್ಡು, ಯಾರಿಗೆ ಬಿಲ್ಲು: ಕೆಂಟಕಿಯಿಂದ ಅಪ್ಪನಿಗೆ

ಹಜಾರ್ಡ್, ಕೆಂಟಕಿ
16 ನವೆಂಬರ್ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಭತ್ತದ ಕುಯ್ಲಿಗೆ ಆಳು ಸಿಕ್ಕರಾ, ಇಲ್ಲ ಈ ವರ್ಷವೂ ಮಿಷನ್ನೇ ಕರೆಸುತ್ತೀರಾ?

ಮೊನ್ನೆ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. ಇಲ್ಲಿನ ಸರ್ಕಾರ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ 43 ದಿನ ಬಾಗಿಲು ಹಾಕಿಕೊಂಡು ಕೂತಿದ್ದು ಆರೋಗ್ಯ ವಿಮೆಯ ಜಗಳಕ್ಕೆ ಅಂತ ಟೀವಿಯಲ್ಲಿ ನೋಡಿ, "ದುಡಿದು ತಿನ್ನೋ ಜನವೇ ಸರ್ಕಾರದ ವಿಮೆ ಬೇಡ ಅಂತ ಓಟು ಹಾಕ್ತಾರಲ್ಲ, ಯಾಕವ್ವ ಹಂಗೆ?" ಅಂದಿರಿ. ಪುಟ್ಟ ಅಳುತ್ತಿದ್ದ, ಮಾತು ಅಲ್ಲಿಗೇ ನಿಂತಿತು. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಜನಕ್ಕೆ ತಿಳಿವಳಿಕೆ ಇಲ್ಲ, ಯಾರೋ ಟೋಪಿ ಹಾಕಿದ್ದಾರೆ ಅಂತ ದೊಡ್ಡ ಪಟ್ಟಣದವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ದಿನವೂ ಇವರ ವಿಮೆ ಕಾರ್ಡು ಇಸಕೊಳ್ಳುವವಳು ನಾನು. ಒಬ್ಬೊಬ್ಬರಿಗೂ ಒಂದೊಂದು ಕಾರಣ ಇದೆ. ಬಹಳ ಸಲ ಆ ಕಾರಣ ಅವರವರ ಬಿಲ್ಲಿನಲ್ಲೇ ಇರುತ್ತದೆ.

ಹೋದ ತಿಂಗಳು ಅಕ್ಕ ತಮ್ಮ ಇಬ್ಬರು ಒಂದೇ ಗಾಡಿಯಲ್ಲಿ ಬಂದರು. ಇಬ್ಬರಿಗೂ ಸಕ್ಕರೆ ಕಾಯಿಲೆ. ಒಂಟಿಯಾಗಿರುವ ಅಕ್ಕ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಗಂಟೆಗೆ 10 ಡಾಲರಿಗೆ ದುಡಿಯುತ್ತಾರೆ. ತಮ್ಮನಿಗೆ ಮರದ ಮಿಲ್ಲಿನಲ್ಲಿ ಗಂಟೆಗೆ 17. ಅಕ್ಕನಿಗೆ ಮೆಡಿಕೇಡ್ ಇದೆ, ಅಂದರೆ ಬಡವರಿಗಾಗಿ ಕೇಂದ್ರವೂ ರಾಜ್ಯವೂ ಸೇರಿ ನಡೆಸುವ ವಿಮೆ. ಕಾರ್ಡು ತೋರಿಸಿದರು, ಸಹಿ ಹಾಕಿದರು, ಒಳಗೆ ಹೋದರು. ತಮ್ಮನದು ಮಿಲ್ಲಿನ ಕಂಪನಿ ಕೊಡಿಸಿದ ವಿಮೆ. ಪ್ರತಿ ಸಂಬಳದಲ್ಲೂ ಕಂತು ಮುರಿದುಕೊಳ್ಳುತ್ತಾರೆ, ಆದರೂ ಔಷಧಿ ಪರೀಕ್ಷೆಗಳಿಗೆ ವರ್ಷದ ಮೊದಲ 5,000 ಡಾಲರ್ ಅವನೇ ಕೊಡಬೇಕು. ಅಷ್ಟು ಕೈಬಿಟ್ಟ ಮೇಲೆ ವಿಮೆ ಶುರುವಾಗುತ್ತದೆ. ಇದಕ್ಕೆ ಡಿಡಕ್ಟಿಬಲ್ ಅನ್ನುತ್ತಾರೆ. ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಳೇ ಬಿಲ್ಲು ತೆಗೆದ. ಮಡಿಕೆ ಕೂಡುವಲ್ಲಿ ಕಾಗದ ಹರಿದು ಟೇಪು ಅಂಟಿಸಿದ್ದ. "ಇದೇ ಇನ್ನೂ ತೀರಿಲ್ಲ. ಇವತ್ತು ರಕ್ತ ಪರೀಕ್ಷೆಗೆ ಎಷ್ಟಾಗುತ್ತೆ, ಮೊದಲು ಹೇಳಿ" ಅಂದ. ಹೇಳಿದೆ. "ಮುಂದಿನ ತಿಂಗಳು ನೋಡೋಣ" ಅಂತ ಎದ್ದು ಹೋಗಿ ಕುರ್ಚಿಯಲ್ಲಿ ಕೂತ.

ಅಕ್ಕ ಹೊರಗೆ ಬಂದಾಗ ಅವನು ಅಂದದ್ದು ನನಗೂ ಕೇಳಿಸಿತು: "ನನ್ನ ತೆರಿಗೆ ದುಡ್ಡಲ್ಲಿ ನಿನಗೆ ಔಷಧಿ, ನನಗೆ ಬಿಲ್ಲು." ಅವರು ಸುಮ್ಮನಿರಲಿಲ್ಲ. "ಎಂಟು ಗಂಟೆ ನಿಂತು ದುಡಿತೀನಿ, ಕೂತು ತಿಂತಿಲ್ಲ ನಾನು" ಅಂದರು. ಆ ಅಕ್ಕ ಓಟು ಹಾಕುವುದು ಒಂದು ಪಕ್ಷಕ್ಕೆ, ತಮ್ಮ ಇನ್ನೊಂದಕ್ಕೆ. ಇಬ್ಬರೂ ಬೆಳೆದದ್ದು ಒಂದೇ ಮನೆಯಲ್ಲಿ, ಅವರ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ದುಡಿದು ಸತ್ತವರು.

ಅವರಿಬ್ಬರ ನಡುವೆ ಗೆರೆ ಎಳೆದದ್ದು ಕಾನೂನು. 2010ರಲ್ಲಿ ಒಬಾಮ ಸಹಿ ಹಾಕಿದ ಕಾನೂನಿನ ಪ್ರಕಾರ, ಬಡತನದ ರೇಖೆಯ ನೂರಕ್ಕೆ 138ರೊಳಗೆ ಆದಾಯ ಇದ್ದವರಿಗೆ ಮೆಡಿಕೇಡ್. ಒಂಟಿ ಮನುಷ್ಯನಿಗೆ ಅದು ಈ ವರ್ಷ ಸುಮಾರು 21,600 ಡಾಲರ್. ಲೆಕ್ಕ ಹಾಕಿ ನೋಡಿ: ವರ್ಷಪೂರ್ತಿ ವಾರಕ್ಕೆ 40 ಗಂಟೆ ದುಡಿದರೆ, ಗಂಟೆಗೆ 10 ಡಾಲರಿನವರು ಗೆರೆಯ ಒಳಗೆ, 11 ಡಾಲರಿನವರು ಹೊರಗೆ. ಹೊರಗಿರುವವರಿಗೆ ಸರ್ಕಾರದ ಸಹಾಯಧನದಲ್ಲಿ ಬೇರೆ ವಿಮೆ ಕೊಳ್ಳುವ ದಾರಿ ಇದೆ, ಆದರೆ ಕಂಪನಿಯೇ ಕಾನೂನಿನ ಮಿತಿಯೊಳಗಿನ ಕಂತಿಗೆ ವಿಮೆ ಕೊಡುತ್ತಿದ್ದರೆ ಆ ಸಹಾಯಧನವೂ ಇಲ್ಲ. ಮಿಲ್ಲಿನ ಹುಡುಗ ಸಿಕ್ಕಿಬಿದ್ದದ್ದು ಅಲ್ಲೇ. ನಮ್ಮಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಪಕ್ಕದ ಎಪಿಎಲ್ ಮನೆಗೆ ಖರ್ಚಿನಲ್ಲಿ ನೂರಕ್ಕೆ 30 ಮಾತ್ರ ಅಂದಾಗ ಪಂಚಾಯ್ತಿ ಮುಂದೆ ಎಷ್ಟು ಮಾತು ಬೆಳೆಯಿತು, ನೀವೇ ಕಂಡಿದ್ದೀರಿ. ಸಿಟ್ಟು ಗೆರೆ ಎಳೆದವರ ಮೇಲೆ ಹೋಗುವುದಿಲ್ಲ, ಗೆರೆಯ ಆಚೆ ನಿಂತವರ ಮೇಲೆ ಹೋಗುತ್ತದೆ.

ಈ ರಾಜ್ಯದಲ್ಲಿ ನಡೆದದ್ದನ್ನೇ ನೋಡಿ. 2012ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಮೆಡಿಕೇಡನ್ನು ಹೀಗೆ ಆ ಗೆರೆಯವರೆಗೆ ವಿಸ್ತರಿಸುವುದು ಬಿಡುವುದು ಆಯಾ ರಾಜ್ಯದ ಇಷ್ಟ ಅಂತ ಹೇಳಿಬಿಟ್ಟಿತು. ದಕ್ಷಿಣದ ಬಹಳ ರಾಜ್ಯಗಳು ಬೇಡ ಅಂದವು. ಕೆಂಟಕಿಯ ಗವರ್ನರ್ (ಇಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥವರು) ಸ್ಟೀವ್ ಬೆಶಿಯರ್ ಒಪ್ಪಿಕೊಂಡರು. 2014ರಿಂದ ಜಾರಿಯಾಗಿ 4 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ನೂರರಲ್ಲಿ 20 ಜನಕ್ಕೆ ವಿಮೆಯೇ ಇಲ್ಲದ ರಾಜ್ಯದಲ್ಲಿ ಎರಡೇ ವರ್ಷಕ್ಕೆ ಆ ಸಂಖ್ಯೆ 10ಕ್ಕಿಂತ ಕೆಳಗಿಳಿಯಿತು. ಹಾಗಿದ್ದೂ 2015ರ ಗವರ್ನರ್ ಚುನಾವಣೆಯಲ್ಲಿ ಗೆದ್ದದ್ದು ಆ ವಿಸ್ತರಣೆಯನ್ನು ವಿರೋಧಿಸಿದ ಮ್ಯಾಟ್ ಬೆವಿನ್. ಈ ಗುಡ್ಡಗಾಡಿನಲ್ಲಿ ಮನೆಮನೆಯಲ್ಲೂ ಮೆಡಿಕೇಡ್ ಕಾರ್ಡು ಇತ್ತು, ಇಲ್ಲೂ ಅವರಿಗೆ ಓಟು ಬಿತ್ತು. ಪತ್ರಿಕೆಗಳೆಲ್ಲ ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದವು.

ಆ ಸಲ ಮತಗಟ್ಟೆಗೆ ಹೋದವರು ನೂರಕ್ಕೆ ಸುಮಾರು 30 ಜನ. ಇದನ್ನು ಮರೆತರೆ ಏನೂ ಅರ್ಥವಾಗುವುದಿಲ್ಲ ಅಪ್ಪ. ಕಾರ್ಡಿನಿಂದ ಉಪಕಾರ ಪಡೆದವರಲ್ಲಿ ಬಹಳ ಜನ ಓಟೇ ಹಾಕುವುದಿಲ್ಲ. ಎರಡೆರಡು ಕಡೆ ಕೆಲಸ, ಗಾಡಿ ಕೆಟ್ಟಿರುತ್ತದೆ, ಸರ್ಕಾರಕ್ಕೂ ತಮಗೂ ಏನು ಸಂಬಂಧ ಅನ್ನುವ ಬೇಸರ ಬೇರೆ. ಮತದಾನವೂ ಇಲ್ಲಿ ಮಂಗಳವಾರ, ರಜೆ ಕೊಡಲೇಬೇಕು ಅಂತ ಕಂಪನಿಗಳ ಮೇಲೆ ದೇಶವ್ಯಾಪಿ ಕಾನೂನಿಲ್ಲ. ಗೆರೆಯ ಒಂದು ಮೆಟ್ಟಿಲು ಮೇಲಿರುವ ಮಿಲ್ಲಿನ ಹುಡುಗನಂಥವರು ತಪ್ಪದೆ ಹೋಗುತ್ತಾರೆ. ಹಾಗಾಗಿ ತಮ್ಮ ಕಾರ್ಡಿನ ವಿರುದ್ಧ ತಾವೇ ಓಟು ಹಾಕಿಕೊಂಡವರು ಕೆಲವರಿದ್ದರೂ, ಪಕ್ಕದ ಮನೆಯ ಕಾರ್ಡು ನೋಡಿ ಓಟು ಹಾಕಿದವರ ಪಾಲು ದೊಡ್ಡದು.

ಇನ್ನೊಂದು ಕಾರಣ ಈ ಊರಿನ ಮಣ್ಣಿನಲ್ಲೇ ಇದೆ. 1946ರಲ್ಲಿ ಗಣಿ ಕಾರ್ಮಿಕರ ಯೂನಿಯನ್ನಿನ ನಾಯಕ ಜಾನ್ ಎಲ್. ಲೂಯಿಸ್ ದೇಶದಾದ್ಯಂತ ಮುಷ್ಕರ ಹೂಡಿ, ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ 5 ಸೆಂಟ್ ಕಾರ್ಮಿಕರ ಕ್ಷೇಮನಿಧಿಗೆ ಬರುವಂತೆ ಮಾಡಿದರು. ಆ ದುಡ್ಡಿನಿಂದ 1950ರ ದಶಕದಲ್ಲಿ ಈ ಗುಡ್ಡಗಳಲ್ಲಿ 10 ಆಸ್ಪತ್ರೆ ಕಟ್ಟಿದರು, ಅದರಲ್ಲೊಂದು ಹಜಾರ್ಡಿನಲ್ಲಿ. ಕಲ್ಲಿದ್ದಲಿಗೆ ಬೇಡಿಕೆ ಕುಸಿದಾಗ ನಿಧಿಯೂ ಒಣಗಿತು, 1960ರ ದಶಕದಲ್ಲಿ ಆಸ್ಪತ್ರೆಗಳು ಕೈಬದಲಾದವು. ಆದರೂ ಎಂಬತ್ತು ದಾಟಿದ ಮುದುಕರು ಕೌಂಟರಿಗೆ ಬಂದರೆ ಇಂದಿಗೂ ಆ ಯೂನಿಯನ್ ಕಾರ್ಡಿನ ಸುದ್ದಿ ಎತ್ತುತ್ತಾರೆ. ಬೆವರು ಸುರಿಸಿ ಸಂಪಾದಿಸಿದ್ದು ಅನ್ನುವ ಹೆಮ್ಮೆ. ಧೂಳು ಕುಡಿದು ಶ್ವಾಸಕೋಶ ಕಪ್ಪಾದವರಿಗೆ 1969ರ ಕಾನೂನಿನಿಂದ ಬರುವ ಪರಿಹಾರವೂ, 65 ದಾಟಿದವರಿಗೆ ಸಿಗುವ ಮೆಡಿಕೇರ್ ವಿಮೆಯೂ ಸರ್ಕಾರದ್ದೇ. ಅದನ್ನು ಮುಟ್ಟಿದರೆ ಇವರು ಸುಮ್ಮನಿರುವುದಿಲ್ಲ. ಅದು ದುಡಿಮೆಗೆ ಸಿಕ್ಕಿದ್ದು, ಮೆಡಿಕೇಡ್ ಮಾತ್ರ ಬಿಟ್ಟಿ ಅನ್ನುವುದು ಇವರ ವಾದ. ಸರ್ಕಾರ ಬೇಕೋ ಬೇಡವೋ ಅನ್ನುವುದಕ್ಕಿಂತ ಯಾರು ಅರ್ಹರು ಅನ್ನುವುದು ಇಲ್ಲಿನ ಜಗಳ. ಈ ವಾದ ನನಗೆ ನೋವು ಕೊಡುತ್ತದೆ, ಯಾಕೆಂದರೆ ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳಿಗೆ ಹಾಗೆ ಸಂಪಾದಿಸುವ ಅವಕಾಶವೇ ಉಳಿದಿಲ್ಲ.

ಕಪ್ಪು ಜನರ ಅನುಭವ ಬೇರೆ. ಲೂಯಿವಿಲ್‌ನಲ್ಲಿ ನನ್ನ ಜೊತೆ ತರಬೇತಿಗೆ ಬಂದಿದ್ದ ಕಪ್ಪು ಹೆಂಗಸೊಬ್ಬರು ಸರ್ಕಾರದ ವಿಮೆಯನ್ನು ಬೈದದ್ದು ನಾನು ಕೇಳಿಲ್ಲ. ಅವರ ಅಜ್ಜಿಯ ಕಾಲದಲ್ಲಿ ದಕ್ಷಿಣದ ಆಸ್ಪತ್ರೆಗಳಲ್ಲಿ ಬಿಳಿಯರಿಗೆ ಒಂದು ವಾರ್ಡು, ಕಪ್ಪು ಜನಕ್ಕೆ ಇನ್ನೊಂದು, ಎಷ್ಟೋ ಕಡೆ ಒಳಗೇ ಸೇರಿಸುತ್ತಿರಲಿಲ್ಲ. 1966ರಲ್ಲಿ ಮೆಡಿಕೇರ್ ಶುರುವಾದಾಗ, ಜನರನ್ನು ಬಣ್ಣ ನೋಡಿ ಬೇರೆ ಮಾಡುವ ಆಸ್ಪತ್ರೆಗೆ ಆ ದುಡ್ಡು ಇಲ್ಲ ಅಂತ ಕೇಂದ್ರ ಹಟ ಹಿಡಿಯಿತು. ಕೆಲವೇ ತಿಂಗಳಲ್ಲಿ ಬಹಳ ಆಸ್ಪತ್ರೆಗಳ ಬಾಗಿಲು ತೆರೆದವು. ಆ ಮನೆಗಳಲ್ಲಿ ಸರ್ಕಾರ ಅಂದರೆ ಬಾಗಿಲು ತೆರೆಸಿದವರು. ಗಂಟೆಯ ಕೂಲಿ ಒಂದೇ ಇದ್ದರೂ ಓಟು ಬೇರೆಯಾಗುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕೆ? ಬಡವರ ಯೋಜನೆ ಅಂದಕೂಡಲೇ ಅದು ಕಪ್ಪು ಜನಕ್ಕೆ ಹೋಗುವ ದುಡ್ಡು ಅಂದುಕೊಳ್ಳುವ ಬಿಳಿಯರೂ ಈ ದೇಶದಲ್ಲಿದ್ದಾರೆ, ಅದನ್ನು ಮುಚ್ಚಿಡಬಾರದು. ಆದರೆ ನಮ್ಮ ಈ ಗುಡ್ಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ಸಿಟ್ಟು ಬೀಳುವುದು ಸ್ವಂತ ದಾಯಾದಿಗಳ ಮೇಲೆ.

ಯೂನಿಯನ್ ಗಟ್ಟಿಯಾಗಿರುವ ಕಡೆಯೂ ಒಮ್ಮತ ಇಲ್ಲ. ಲಾಸ್ ವೇಗಸ್‌ನ ದೊಡ್ಡ ಹೋಟೆಲುಗಳಲ್ಲಿ ಅಡುಗೆ ಮಾಡುವ, ಕೋಣೆ ಗುಡಿಸುವ ಜನರ ಕ್ಯುಲಿನರಿ ಯೂನಿಯನ್ ಸಂಬಳ ಏರಿಕೆ ಬಿಟ್ಟುಕೊಟ್ಟಾದರೂ ಒಳ್ಳೆಯ ವಿಮೆ ಉಳಿಸಿಕೊಂಡು ಬಂದಿದೆ. 2020ರಲ್ಲಿ ದೇಶದ ಅಧ್ಯಕ್ಷ ಪದವಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ನಿಂತಿದ್ದ ಬರ್ನಿ ಸ್ಯಾಂಡರ್ಸ್, ಎಲ್ಲರಿಗೂ ಸರ್ಕಾರದ್ದೇ ಒಂದು ವಿಮೆ ಅಂತ ಹೊರಟಾಗ, ನಮ್ಮ ವಿಮೆ ಹೋಗುತ್ತದೆ ಅಂತ ಯೂನಿಯನ್ ಕರಪತ್ರ ಹಂಚಿತು. ಆದರೂ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಅಲ್ಲಿನ ಸಭೆಗಳಲ್ಲಿ ಗೆದ್ದದ್ದು ಸ್ಯಾಂಡರ್ಸ್, ಆ ಹೋಟೆಲುಗಳ ಒಳಗೆ ನಡೆದ ಸಭೆಗಳಲ್ಲೂ ಬಹುಪಾಲು ಅವರೇ. ಯೂನಿಯನ್ ಇಲ್ಲದ ಕಡೆ ದುಡಿಯುವ ಮಗನಿಗೆ, ತಂಗಿಗೆ ವಿಮೆ ಬೇಡವೇ ಅಂತ ಯೋಚಿಸಿದವರು ಆ ಕೆಲಸಗಾರರಲ್ಲೇ ಇದ್ದರು. ಒಂದೇ ಅಡುಗೆಮನೆಯಲ್ಲಿ ಎರಡು ಅಭಿಪ್ರಾಯ, ಎರಡೂ ಅನುಭವದಿಂದ ಬಂದವು.

ನನಗೆ ಧೈರ್ಯ ಕೊಡುವ ಸಂಗತಿಯೂ ಒಂದಿದೆ. ಪಕ್ಷದ ಹೆಸರಿಲ್ಲದೆ ಬರೀ ಮೆಡಿಕೇಡ್ ವಿಸ್ತರಣೆಯನ್ನು ಜನರ ಮುಂದಿಟ್ಟು ಹೌದೋ ಅಲ್ಲವೋ ಅಂತ ಕೇಳಿದ ಕಡೆ ಹೌದು ಅಂದದ್ದೇ ಹೆಚ್ಚು. 2018ರಲ್ಲಿ ಐಡಾಹೊ, ಯೂಟಾ, ನೆಬ್ರಾಸ್ಕಾ, 2020ರಲ್ಲಿ ಓಕ್ಲಹೋಮ, ಮಿಸ್ಸೌರಿ, 2022ರಲ್ಲಿ ಸೌತ್ ಡಕೋಟ. ಎಲ್ಲವೂ ಈ ವಿಸ್ತರಣೆಯನ್ನು ವಿರೋಧಿಸುವ ಪಕ್ಷದ ಟ್ರಂಪ್ ಗೆದ್ದ ರಾಜ್ಯಗಳು. ಗರ್ಭಪಾತ, ಬಂದೂಕು, ಗಣಿ, ಇಗರ್ಜಿ, ಇವನ್ನೆಲ್ಲ ನೋಡಿ ಪಕ್ಷಕ್ಕೆ ಓಟು ಹಾಕುವ ಮನುಷ್ಯ, ವಿಮೆಯೊಂದನ್ನೇ ಕೇಳಿದರೆ ಬೇರೆ ಉತ್ತರ ಕೊಡುತ್ತಾನೆ.

ನನ್ನ ಅಭಿಪ್ರಾಯ ಕೇಳುತ್ತೀರಿ ಅಂತ ಗೊತ್ತು. ಕಾಯಿಲೆಯ ಖರ್ಚನ್ನು ಸರ್ಕಾರ ಹೊರಬೇಕು, ಎಲ್ಲರದ್ದನ್ನೂ ಹೊರಬೇಕು. ಬಡವರಿಗೆ ಮಾತ್ರ ಅಂತ ಗೆರೆ ಎಳೆದರೆ, ಗೆರೆಯ ಮೇಲಿನವರೇ ಮುಂದೆ ಅದಕ್ಕೆ ಶತ್ರುಗಳಾಗುತ್ತಾರೆ. 2003ರಲ್ಲಿ ಯಶಸ್ವಿನಿ ಬಂದಾಗ ನೀವು ಡೇರಿಯ ಕಾರ್ಯದರ್ಶಿ. ತಲೆಗೆ ವರ್ಷಕ್ಕೆ 60 ರೂಪಾಯಿ ವಸೂಲಿಗೆ ಸಂಜೆ ಹೊತ್ತು ಮನೆಮನೆ ತಿರುಗುತ್ತಿದ್ದಿರಿ, ನಾನು ರಸೀದಿ ಪುಸ್ತಕ ಹಿಡಿದು ಹಿಂದೆ ಬರುತ್ತಿದ್ದೆ. ಕಾಯಿಲೆ ಇಲ್ಲದ ನಾನ್ಯಾಕೆ ಕೊಡಲಿ ಅಂದವರಿದ್ದರು. ಆದರೆ ಎರಡು ಲೀಟರ್ ಹಾಲು ಹಾಕುವವರೂ ಇಪ್ಪತ್ತು ಲೀಟರ್ ಹಾಕುವವರೂ ಕೊಟ್ಟದ್ದು ಅದೇ 60, ಆಪರೇಷನ್ ಆದದ್ದೂ ಅದೇ ಆಸ್ಪತ್ರೆಗಳಲ್ಲಿ. ಯಾರದು ಬಿಟ್ಟಿ ಅನ್ನುವ ಮಾತು ನಮ್ಮೂರಲ್ಲಿ ಹುಟ್ಟಲಿಲ್ಲ.

ಇಲ್ಲಿ ಈಗ ಗೆರೆ ಇನ್ನೂ ಬಿಗಿಯಾಗುತ್ತಿದೆ. ಈ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನ ಪ್ರಕಾರ, ವಿಸ್ತರಣೆಯಲ್ಲಿ ಮೆಡಿಕೇಡ್ ಪಡೆದವರಲ್ಲಿ ವಿನಾಯಿತಿ ಇಲ್ಲದವರು ತಿಂಗಳಿಗೆ 80 ಗಂಟೆ ದುಡಿದದ್ದಕ್ಕೋ, ಓದು, ಸಮಾಜಸೇವೆಯಂಥದ್ದು ಮಾಡಿದ್ದಕ್ಕೋ ದಾಖಲೆ ತೋರಿಸಬೇಕು. 2027ರ ಜನವರಿಯೊಳಗೆ ರಾಜ್ಯಗಳು ಜಾರಿಗೆ ತರಬೇಕು. ಮಿಲ್ಲಿನ ಹುಡುಗನಂಥವರಿಗೆ ಇದು ನ್ಯಾಯ ಅನ್ನಿಸುತ್ತದೆ. ಆದರೆ 2018ರಲ್ಲಿ ಆರ್ಕನ್ಸಾ ಇದನ್ನೇ ಮಾಡಿದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ದುಡಿಯುತ್ತಿದ್ದರೂ ಅರ್ಜಿ ಕಾಗದದಲ್ಲಿ ಎಡವಿದವರು ಅವರಲ್ಲಿ ಬಹಳ. ಇನ್ನು ಗೆರೆಯ ಮೇಲಿನವರಿಗೆ 2021ರಿಂದ ಸಿಗುತ್ತಿದ್ದ ಹೆಚ್ಚಿನ ಸಹಾಯಧನ ಬರುವ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸರ್ಕಾರ ಬಾಗಿಲು ಹಾಕಿದ್ದು ಅದರ ಜಗಳಕ್ಕೇ, ಬಾಗಿಲು ತೆರೆದರೂ ಅದು ಬಗೆಹರಿದಿಲ್ಲ. ಮುಂದಿನ ವರ್ಷದ ವಿಮೆಗೆ ಹೆಸರು ಬರೆಸಲು ಈಗ ಬರುವವರು ಹೊಸ ಕಂತು ನೋಡಿ ನನ್ನ ಮುಖ ನೋಡುತ್ತಾರೆ. ಬುಧವಾರ, ಶುಕ್ರವಾರ ಸಂಜೆ ಲೈಬ್ರರಿಯಲ್ಲಿ ಕೂತು ಅರ್ಜಿ ತುಂಬಿಕೊಡಲು ನಾನೂ ಇನ್ನಿಬ್ಬರೂ ಒಪ್ಪಿಕೊಂಡಿದ್ದೇವೆ. ಮಿಲ್ಲಿನ ಹುಡುಗನಿಗೂ ಬಾ ಅಂದಿದ್ದೇನೆ. ಕಡಿಮೆ ಡಿಡಕ್ಟಿಬಲ್ ಇರುವ ದಾರಿ ಇದ್ದರೆ ಹುಡುಕಿಕೊಡಬೇಕು.

ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ಈ ಸಲದ ಯಶಸ್ವಿನಿ ಕಂತು ಕಟ್ಟುವ ದಿನ ಯಾವಾಗ ಅಂತ ಸೊಸೈಟಿಯಲ್ಲಿ ವಿಚಾರಿಸಿ ಬರೆಯಿರಿ, ಅಮ್ಮನ ಹೆಸರೂ ಸೇರಲಿ. ಮಂಡಿ ಆಪರೇಷನ್ ಯಾವ ಆಸ್ಪತ್ರೆಗಳ ಪಟ್ಟಿಯಲ್ಲಿದೆ ಅಂತಲೂ ಕೇಳಿಟ್ಟುಕೊಳ್ಳಿ. ಇವರು ನಿಮಗೂ ಅಮ್ಮನಿಗೂ ನಮಸ್ಕಾರ ತಿಳಿಸಿದ್ದಾರೆ.

ಇತಿ ನಿಮ್ಮ ಪ್ರೀತಿಯ ಮಗಳು