ರಾತ್ರಿಯಿಡೀ ಕೂತಿದ್ದ ತಂಗಚ್ಚಿಗೆ

ನಿನ್ನೆ ತೋಟದಲ್ಲಿ ಒಂದು ಸಾಲು ರೊಬಸ್ಟಾ ಕಾಫಿ ಕುಯ್ದೆ. ಎಡಗೈಯಲ್ಲಿ ಉಳಿದಿರುವ ಎರಡು ಬೆರಳಲ್ಲಿ ಕೊಂಬೆ ಬಗ್ಗಿಸಿ ಹಿಡಿದು, ಬಲಗೈಯಲ್ಲಿ ಹಣ್ಣು ಬಿಡಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಅರ್ಧ ಚೀಲ ಆಯ್ತು. ನೆಲಬಾಂಬ್ ಸಿಡಿದು ಗಾಯವಾದ ಮೇಲೆ ಇದೇ ಮೊದಲ ಸಲ, ದುಡಿದು ಸುಸ್ತಾಗಿ ನಿದ್ದೆ ಬಂತು. ಇವತ್ತು ಬರೆದೇಬಿಡೋಣ ಅನ್ನಿಸಿತು.

ಆಪರೇಷನ್ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ನಮ್ಮ ತೋಟಕ್ಕೂ ಸ್ಪ್ರಿಂಕ್ಲರ್ ಹಾಕಿಸಿದ ಪಕ್ಕದ ತೋಟದವರಿಗೆ, ಬೈದು ಬೈದು ಕೈ ಆಡಿಸಿದ ಮಡಿಕೇರಿಯ ಫಿಸಿಯೋ ಮೇಡಂಗೆ, ದುಡ್ಡು ಕೂಡಿಸಿ ಕಳಿಸಿದ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನ ಹಳೇ ಗೆಳೆಯರಿಗೆ ಕೈ ಮುಗಿಯುತ್ತೇನೆ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಈ ಬರಹ ಮುಖ್ಯವಾಗಿ ಇನ್ನೊಬ್ಬಳಿಗೆ. ಹೆಸರು ಹಾಕಬೇಡಿ ಅಂದಿದ್ದಾಳೆ. ನಾನು ಅವಳನ್ನು ಕರೆಯುತ್ತಿದ್ದದ್ದು ತಂಗಚ್ಚಿ ಅಂತ, ತಮಿಳಿನಲ್ಲಿ ತಂಗಿ.

ಸೇನೆಯಿಂದ ನಿವೃತ್ತನಾಗಿ, ನೆಲಬಾಂಬ್ ತೆಗೆಯೋದನ್ನು ಕಲಿಸಲು ಶ್ರೀಲಂಕಾದ ಉತ್ತರಕ್ಕೆ ಹೊರಟಾಗ ಅವ್ವ ಒಂದೇ ಮಾತು ಕೇಳಿದ್ದರು. "ತಿಮ್ಮಯ್ಯನವರು ಸೈಪ್ರಸ್‌ನಿಂದ ವಾಪಸ್ ಬಂದ್ರಾ?" 1965ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ಜನರಲ್ ತಿಮ್ಮಯ್ಯ ಅಲ್ಲಿ ತೀರಿಕೊಂಡದ್ದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಕಾಲು ಮುಟ್ಟಿ ಹೊರಟೆ.

ಮುಹಮಾಲೈ ಅಂತ ಜಾಗ. ಯಾಳ್ಪಾಣಕ್ಕೆ, ಅಂದರೆ ಜಾಫ್ನಾಕ್ಕೆ, ಹೋಗುವ ಎ-9 ರಸ್ತೆಯ ಎರಡೂ ಬದಿ. 2009ರಲ್ಲಿ ಯುದ್ಧ ಮುಗಿಯುವ ಮುಂಚೆ ಸೇನೆ ಮತ್ತು ಎಲ್‌ಟಿಟಿಇ ವರ್ಷಗಟ್ಟಲೆ ಅಲ್ಲಿ ಎದುರುಬದುರು ಕೂತಿದ್ದರು. ತಲೆ ಹಾರಿಹೋದ ತಾಳೆಮರಗಳು, ಮರಳು, ಮರಳಿನಡಿ ಸಾಲು ಸಾಲು ಪಿ-4 ಅನ್ನುವ ಮೈನ್‌ಗಳು, ಅಂದರೆ ನೆಲಬಾಂಬ್‌ಗಳು. ಎಲ್‌ಟಿಟಿಇಯವರು ಮರದ ಪೆಟ್ಟಿಗೆಯಲ್ಲಿ ಮಾಡಿದ ಜಾನಿ ಮೈನ್‌ಗಳೂ ಇರುತ್ತಿದ್ದವು. ಲೋಹ ಕಮ್ಮಿ, ಹಾಗಾಗಿ ಡಿಟೆಕ್ಟರ್ ಕೂಗುವುದೂ ಮೆಲ್ಲಗೆ. ಕಿವಿ ಜೊತೆ ಕೈಯನ್ನೂ ಪಳಗಿಸಬೇಕು.

ನಮ್ಮ ಕ್ಯಾಂಪಿನಲ್ಲಿ ದುಡ್ಡು ಜಪಾನಿನದು, ಡಿಟೆಕ್ಟರ್ ಜರ್ಮನಿಯದು, ನಿಯಮದ ಪುಸ್ತಕ ವಿಶ್ವಸಂಸ್ಥೆಯದು, ಕಲಿಸುವವನು ಕೊಡಗಿನವನು. ಮಂಡಿಯೂರಿ ಮಣ್ಣು ಕೆರೆಯುವವರು ಮಾತ್ರ ಅದೇ ಊರಿನವರು. ಅದರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಯುದ್ಧದಲ್ಲಿ ಗಂಡನನ್ನು ಕಳಕೊಂಡವರು ಎಷ್ಟೋ ಜನ. ಹೊರಗಿನವರು ನಾವು ಎಷ್ಟು ದಿನ ಇರ್ತೀವಿ? ಕಾಂಬೋಡಿಯಾದವರು 1992ರಲ್ಲಿ ವಿಶ್ವಸಂಸ್ಥೆಯ ಪಡೆ ಬಂದಾಗ ಬೇರೆ ದೇಶದವರಿಂದ ಈ ಕೆಲಸ ಕಲಿತರು. 2023ರ ಜನವರಿಯಲ್ಲಿ ಉಕ್ರೇನಿನವರು ಜಪಾನಿನ ನೆರವಿನಿಂದ ಅಲ್ಲಿಗೇ ಹೋಗಿ ಅವರಿಂದ ಕಲಿತರು. ಹಾಗಾಗಬೇಕು ಅನ್ನೋದೇ ನನ್ನ ಆಸೆಯಾಗಿತ್ತು.

ತಂಗಚ್ಚಿಯನ್ನು ಮೊದಲ ಪರೀಕ್ಷೆಯಲ್ಲಿ ನಾನೇ ಫೇಲ್ ಮಾಡಿದ್ದೆ. ಮಣ್ಣಿನಡಿ ಮೈನ್ ಇದೆಯಾ ಅಂತ ಹುಡುಕುವ ಕಡ್ಡಿಯನ್ನು ನೆಲಕ್ಕೆ ಮೂವತ್ತು ಡಿಗ್ರಿಯಲ್ಲಿ, ಪಕ್ಕದಿಂದ ಚುಚ್ಚಬೇಕು. ಅವಳು ಮೇಲಿನಿಂದ ಚುಚ್ಚಿದ್ದಳು. ನಿಜವಾದ ಮೈನ್ ಆಗಿದ್ದರೆ ಅದರ ತಲೆಯ ಮೇಲೇ ಒತ್ತಿದ ಹಾಗೆ. ಅತ್ತಳು, ಮನೆಗೆ ಹೋದಳು, ಮುಂದಿನ ಬ್ಯಾಚಿಗೆ ಮತ್ತೆ ಬಂದಳು. ಮೂರೇ ವರ್ಷದಲ್ಲಿ ತಂಡದ ಲೀಡರ್ ಆದಳು.

ಅಪಘಾತ ಆದ ಮೇಲಿನ ಆ ರಾತ್ರಿ, ಆಸ್ಪತ್ರೆಯಲ್ಲಿ ನನ್ನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಗಂಡಸರ ವಾರ್ಡ್, ಹೆಂಗಸರು ಇರುವ ಹಾಗಿಲ್ಲ. "ನಾನು ಇವರ ತಂಗಿ" ಅಂತ ನರ್ಸ್ ಹತ್ತಿರ ಹೇಳಿ ಕೂತಳು. ನಾನು ಬಟ್ಟೆ ಕಿತ್ತುಹಾಕಲು ಕೈ ಎತ್ತಿದಾಗಲೆಲ್ಲ ಬಲಗೈಯ ಮಣಿಕಟ್ಟು ಹಿಡಿದು ಕೆಳಗಿಳಿಸುತ್ತಿದ್ದಳು. ನೆಲ ಕೆರೆದು ಕೆರೆದು ಅವಳ ಅಂಗೈ ಮರದ ತೊಗಟೆ ಹಾಗೆ ಆಗಿತ್ತು. ಕಾಣದಿದ್ದರೂ ಇದು ಅವಳ ಕೈ ಅಂತ ಗೊತ್ತಾಗುತ್ತಿತ್ತು. ಯಾವುದೋ ಹೊತ್ತಿನಲ್ಲಿ ಹೇಳಿಬಿಟ್ಟೆ, ಪೂರ್ತಿ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು ಅಂತ. ಆಗ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅವಳು ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅಣ್ಣೈ, ಲೇನ್ ಶುರು ಮಾಡುವ ಮುಂಚೆ ಮೊದಲು ಏನು ಮಾಡಬೇಕು? ಹೇಳಿ."

ಲೇನ್ ಅಂದರೆ ಮೈನ್ ಹುಡುಕುತ್ತಾ ನಾವು ಮುಂದೆ ಸಾಗುವ ಕಿರಿದಾದ ಪಟ್ಟಿ. ಕಣ್ಣಲ್ಲಿ ನೋಡಬೇಕು ಅಂದೆ. ಆಮೇಲೆ? ಎಡವಿದರೆ ಮೈನ್ ಸಿಡಿಸುವ ತಂತಿ ಇದೆಯಾ ಅಂತ ಪರೀಕ್ಷೆ ಮಾಡಬೇಕು. ಆಮೇಲೆ? ಹುಲ್ಲು ಕತ್ತರಿಸಬೇಕು. ಆಮೇಲೆ? ಡಿಟೆಕ್ಟರ್. ಮುಗಿದ ಕೂಡಲೇ ಮತ್ತೆ ಮೊದಲಿಂದ ಕೇಳುತ್ತಿದ್ದಳು. ನಾನು ತಪ್ಪಿದರೆ ತಿದ್ದುತ್ತಿದ್ದಳು. ಬೆಳಗಾಗುವವರೆಗೆ ಎಷ್ಟು ಸಲ ಹೇಳಿಸಿದಳೋ. ಕಾಗೆ ಕೂಗಿದ್ದು ಕೇಳಿದಾಗ ನಾನಿನ್ನೂ ಇದ್ದೆ.

ಇನ್ನೊಂದು ವಿಷಯ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಅಪಘಾತ ಆದಾಗ ಮುಖ ಕಾಯುವ ನನ್ನ ವೈಸರ್ ಮೇಲೆ ಎತ್ತಿತ್ತು. ಬೆವರು ಕಣ್ಣಿಗಿಳಿದಿತ್ತು, ಒಂದು ಕ್ಷಣ ಒರೆಸಿಕೊಳ್ಳೋಣ ಅಂತ ಎತ್ತಿದ್ದೆ. ಇದೇ ತಪ್ಪಿಗೆ ಎಷ್ಟು ಜನರನ್ನು ಲೇನಿನಿಂದ ಹೊರಗೆ ಕಳಿಸಿದ್ದೆನೋ. ವಿಚಾರಣೆಯಲ್ಲಿ ತಂಗಚ್ಚಿ ಅದನ್ನು ಇದ್ದ ಹಾಗೇ ಹೇಳಿದಳು. ರಾತ್ರಿಯಿಡೀ ಕೈ ಹಿಡಿದು ಕೂತವಳು ಹೀಗೆ ಮಾಡಿದಳಲ್ಲ ಅಂತ ಒಂದು ವಾರ ಅವಳ ಹತ್ತಿರ ಮಾತಾಡಲಿಲ್ಲ. ಆಮೇಲೆ ನೆನಪಾಯ್ತು, ಕ್ಲಾಸಿನ ಮೊದಲ ದಿನ ನಾನೇ ಹೇಳುತ್ತಿದ್ದೆ: ಅಪಘಾತವಾದರೆ ಏನೂ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಮುಂದಿನವರು ಸಾಯ್ತಾರೆ. ಅವಳು ಅದನ್ನು ಕೇಳಿಸಿಕೊಂಡಿದ್ದಳು. ತಂಗಚ್ಚಿ, ಆ ರಾತ್ರಿಗಿಂತ ಇದಕ್ಕೇ ನಿನಗೆ ಜಾಸ್ತಿ ಋಣಿ. ಆ ಒಂದು ವಾರದ ಮೌನಕ್ಕೆ ಕ್ಷಮಿಸು.

ಈಗ ಅವಳೇ ಟ್ರೇನರ್. ಶ್ರೀಲಂಕಾ 2017ರಲ್ಲಿ ನೆಲಬಾಂಬ್ ನಿಷೇಧದ ಒಟ್ಟಾವಾ ಒಪ್ಪಂದ ಸೇರಿತು, 2028ರೊಳಗೆ ನೆಲವೆಲ್ಲ ಶುದ್ಧ ಮಾಡಬೇಕು. ಕೆಲಸ ಇನ್ನೂ ಇದೆ. ಹೊಸ ಬ್ಯಾಚಿಗೆ ನನ್ನ ಅಪಘಾತವನ್ನೂ ಪಾಠ ಮಾಡುತ್ತಾಳೆ, ನನ್ನನ್ನು ಕೇಳಿಯೇ. ಕಳೆದ ಸೋಮವಾರ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದಳು. ಕೈ ತೋರಿಸಿದೆ. ಎಲ್ಲರೂ ಸುಮ್ಮನಾದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಅಣ್ಣೈ, ಹಾಗಾದರೆ ಬೆವರು ಕಣ್ಣಿಗೆ ಬಂದ್ರೆ ಏನು ಮಾಡಬೇಕು?" ಅಂತ ಕೇಳಿದಳು.

ಕೈಯಲ್ಲಿರುವುದನ್ನು ಕೆಳಗಿಡಮ್ಮ. ಎದ್ದು, ಶುದ್ಧ ಮಾಡಿದ ದಾರಿಯಲ್ಲೇ ಹಿಂದೆ ಬಾ. ಲೇನ್ ದಾಟಿ ಹೊರಗೆ ಬಂದ ಮೇಲೆ ವೈಸರ್ ಎತ್ತು. ನಿಧಾನವಾಗಿ ಒರೆಸಿಕೋ, ನೀರು ಕುಡಿ, ಆಮೇಲೆ ಹೋಗು ಅಂದೆ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.