ನವೆಂಬರಿನಲ್ಲಿ ಬಂದವರು ಜೂನ್‌ನಲ್ಲೂ ಬರಲಿ

ಮಾನ್ಯರೇ,

ಮಕ್ಕಳ ದಿನಾಚರಣೆಯ ಮರುದಿನ, ಪ್ರತಿವರ್ಷದಂತೆ ಈ ಸಲವೂ, ಬಾಲಮಂದಿರಗಳಿಗೆ ಭೇಟಿ ಕೊಟ್ಟು ನೋಟ್‌ಪುಸ್ತಕ, ಸಿಹಿ ಹಂಚಿದವರ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾದವು. ಅವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. (ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ಇಂಥ ಮಕ್ಕಳ ಗುರುತು ಬಯಲಾಗುವಂತೆ ಚಿತ್ರ ಪ್ರಕಟಿಸುವುದನ್ನು ನಿಷೇಧಿಸಿದೆ ಎಂಬುದನ್ನು ಚಿತ್ರ ತೆಗೆದವರೂ ಅಚ್ಚು ಹಾಕಿದವರೂ ಒಮ್ಮೆ ಓದಿಕೊಂಡರೆ ಒಳ್ಳೆಯದು.) ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ 6 ವರ್ಷಗಳಿಂದ ನಗರದ ಒಂದು ಮಕ್ಕಳ ಪಾಲನಾ ಸಂಸ್ಥೆಗೆ ಭಾನುವಾರಗಳಂದು ಹೋಗಿ, ಒಬ್ಬ ಹುಡುಗನಿಗೆ ಮಾರ್ಗದರ್ಶಕನಾಗಿ, ಅಲ್ಲಿಯವರು ಹೇಳುವಂತೆ ‘ಮೆಂಟರ್’ ಆಗಿ, ಕೆಲಸ ಮಾಡುತ್ತಿರುವ ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ: ನವೆಂಬರಿನಲ್ಲಿ ಬಂದವರು ಜೂನ್‌ನಲ್ಲಿ ಎಲ್ಲಿರುತ್ತಾರೆ?

ಜೂನ್ ಎಂದದ್ದಕ್ಕೆ ಕಾರಣವಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು, ಪಿಯುಸಿಯೋ ಐಟಿಐಯೋ ಡಿಪ್ಲೊಮಾವೋ ಎಂದು ತೀರ್ಮಾನಿಸಬೇಕಾದ ಆ ಕೆಲವು ವಾರಗಳಲ್ಲಿ, ನಮ್ಮ ನಿಮ್ಮ ಮನೆಯ ಮಕ್ಕಳಿಗೆ ಅಪ್ಪ, ಅಮ್ಮ, ಸೋದರಮಾವ, ಪಕ್ಕದ ಮನೆಯ ಲೆಕ್ಚರರು ಎಲ್ಲರೂ ಸೇರಿ, ಕೆಲವೊಮ್ಮೆ ಬೇಡವೆಂದರೂ, ಸಲಹೆ ಕೊಡುತ್ತಾರೆ. ಸಂಸ್ಥೆಯಲ್ಲಿ ಬೆಳೆದ ಹುಡುಗನಿಗೆ ಅಷ್ಟು ಜನ ಇರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ವಿದ್ಯಾರ್ಥಿವೇತನದ ಅರ್ಜಿಗೆ ಎಸ್‌ಎಸ್‌ಪಿ ಪೋರ್ಟಲ್, ಆಧಾರ್‌ನಲ್ಲಿ ಒಂದು ಹೆಸರು ಮತ್ತು ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅದರ ತಿದ್ದುಪಡಿ, ಕಲ್ಯಾಣ ಕರ್ನಾಟಕದ ಮಗುವಾದರೆ ಸಂವಿಧಾನದ 371(ಜೆ) ವಿಧಿಯಡಿಯ ಮೀಸಲಾತಿಗೆ ಅರ್ಹತಾ ಪತ್ರ. ನಾನು ಜೊತೆಗಿರುವ ಹುಡುಗನ ಕುಟುಂಬ ಕಟ್ಟಡ ಕೆಲಸಕ್ಕೆಂದು ಆ ಭಾಗದಿಂದಲೇ ಗುಳೆ ಬಂದದ್ದು. ಅವನ ದಾಖಲೆಗಳಿಗಾಗಿ ಎರಡು ತಿಂಗಳು ಓಡಾಡಿದ್ದೇನೆ. ಸಂಸ್ಥೆಯ ಸಿಬ್ಬಂದಿ ಈ ಕೆಲಸವನ್ನು ಮಾಡುವುದಿಲ್ಲ ಎಂದು ಇದರರ್ಥವಲ್ಲ. ಹತ್ತಾರು ಮಕ್ಕಳ ಕಡತಗಳು ಒಬ್ಬರ ಮೇಜಿನ ಮೇಲಿರುವಾಗ ಒಂದೊಂದರ ಹಿಂದೆಯೂ ಓಡಲು ಅವರಿಗೆ ಸಾಧ್ಯವಾಗುವುದಿಲ್ಲ.

ನನ್ನ ತಪ್ಪೊಂದನ್ನೂ ಇಲ್ಲಿ ಹೇಳಲೇಬೇಕು. ಮೊದಲ ವರ್ಷ ಮಗಳ ಹೆರಿಗೆಯ ಗಡಿಬಿಡಿಯಲ್ಲಿ 3 ಭಾನುವಾರ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ನಾಲ್ಕನೆಯ ಭಾನುವಾರ ಹೋದಾಗ ಹುಡುಗ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಬಂದು, “ನೀವೂ ಇನ್ನ ಬರೂದಿಲ್ಲ ಅಂತ ತಿಳಕೊಂಡಿದ್ದೆ ರೀ” ಎಂದ. ಆ ‘ನೀವೂ’ ಎಂಬ ಮಾತಿನ ಹಿಂದೆ ನನಗಿಂತ ಮೊದಲು ಬಂದು ಹೋದ ಮೂವರಿದ್ದರು. ಅಮೆರಿಕದ ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷ ಮತ್ತು ಅದಕ್ಕೂ ಹೆಚ್ಚು ಕಾಲ ಒಬ್ಬರೇ ಮಾರ್ಗದರ್ಶಕರ ಒಡನಾಟ ಸಿಕ್ಕ ಮಕ್ಕಳಿಗೆ ಹೆಚ್ಚು ಪ್ರಯೋಜನವಾದದ್ದೂ, ಕೆಲವೇ ತಿಂಗಳಲ್ಲಿ ಒಡನಾಟ ಮುರಿದ ಮಕ್ಕಳು ಕೆಲವು ವಿಷಯಗಳಲ್ಲಿ ಹಿಂದೆ ಸರಿದದ್ದೂ ಕಂಡುಬಂದಿತ್ತು. ಅದನ್ನು ಓದುವ ಮೊದಲೇ ಆ ಹುಡುಗ ನನಗೆ ಅದನ್ನೇ ಹೇಳಿದ್ದ.

ಇನ್ನು ಭಾಷೆಯ ವಿಷಯ. ಹೊರವರ್ತುಲ ರಸ್ತೆಯ ಕಂಪನಿಗಳಿಂದ ಒಂದೇ ಬಣ್ಣದ ಟೀಶರ್ಟ್ ತೊಟ್ಟು ಬಸ್ಸಿನಲ್ಲಿ ಬರುವ ಯುವಕ ಯುವತಿಯರು ಉತ್ಸಾಹಿಗಳು, ಅನುಮಾನವಿಲ್ಲ. ಆದರೆ ಅವರಲ್ಲಿ ಹಲವರಿಗೆ ಕನ್ನಡ ಬರುವುದಿಲ್ಲ, ನಮ್ಮ ಸಂಸ್ಥೆಯ ಬಹುಪಾಲು ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ. ಹತ್ತನೆಯ ತರಗತಿಯವರೆಗೆ ಜವ, ವೇಗ, ದ್ಯುತಿಸಂಶ್ಲೇಷಣೆ ಎಂದು ಕಲಿತ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರವೇ ಸ್ಪೀಡ್, ವೆಲಾಸಿಟಿ, ಫೋಟೋಸಿಂಥೆಸಿಸ್ ಎಂಬ ಪದಗಳ ನಡುವೆ ಕಳೆದುಹೋಗುತ್ತಾನೆ, ತನಗೆ ವಿಜ್ಞಾನವೇ ಬರುವುದಿಲ್ಲವೆಂದು ನಂಬಿ ಕಾಲೇಜು ಬಿಡುತ್ತಾನೆ. ಎರಡೂ ಭಾಷೆ ಬಲ್ಲವರು ಪಕ್ಕದಲ್ಲಿ ಕುಳಿತು, ಇದು ನಿನಗೆ ಗೊತ್ತಿರುವುದೇ, ಹೆಸರು ಮಾತ್ರ ಬೇರೆ ಎಂದು ತೋರಿಸಿಕೊಟ್ಟರೆ ಅವನು ಉಳಿಯುತ್ತಾನೆ. ಬಸವನಗುಡಿ, ರಾಜಾಜಿನಗರ, ಮಲ್ಲೇಶ್ವರದ ಪಾರ್ಕುಗಳಲ್ಲಿ ಬೆಳಗಿನ ವಾಯುವಿಹಾರ ಮುಗಿಸಿ ರಾಜಕೀಯ ಚರ್ಚಿಸುವ ನಿವೃತ್ತ ಶಿಕ್ಷಕರು, ಎಂಜಿನಿಯರುಗಳು, ಗುಮಾಸ್ತರು (ನಾನೂ ಆ ಗುಂಪಿನವನೇ) ಈ ಕೆಲಸಕ್ಕೆ ಹೇಳಿಮಾಡಿಸಿದವರು.

ಬರುವವರು ಕೆಲವು ನಿಯಮಗಳಿಗೆ ಒಪ್ಪಬೇಕಾಗುತ್ತದೆ. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಕೆಲವು ಹಿರಿಯರು ಮುಖ ಸಿಂಡರಿಸುವುದನ್ನು ನೋಡಿದ್ದೇನೆ. ಮಕ್ಕಳ ಸುರಕ್ಷತೆಯ ಪ್ರಶ್ನೆ ಇರುವಲ್ಲಿ ಅದು ಅವಮಾನವಲ್ಲ. ಮಗುವನ್ನು ಒಂಟಿಯಾಗಿ ಹೊರಗೆ ಕರೆದೊಯ್ಯಬಾರದು, ಉಡುಗೊರೆ, ಹಣ ನೇರವಾಗಿ ಕೊಡಬಾರದು, ಮನೆಗೆ ಕರೆಯುವ ಮಾತು ಕೊಡಬಾರದು. ವಾರಕ್ಕೊಮ್ಮೆ ಬರಲಾಗದವರು ಬೇರೆ ರೀತಿಯಲ್ಲಿ ನೆರವಾಗಲಿ, ಆದರೆ ಮೆಂಟರ್ ಎಂದು ಹೆಸರು ಬರೆಸುವುದು ಬೇಡ. ನಿಲ್ಲಿಸಲೇಬೇಕಾದ ಸಂದರ್ಭ ಬಂದರೆ, ಮಗುವಿನ ಎದುರು ಕುಳಿತು ಕಾರಣ ಹೇಳಿ ನಿಲ್ಲಿಸಬೇಕು.

ಸಂಸ್ಥೆಗಳೂ ಸ್ವಯಂಸೇವಕರ ಸಂಖ್ಯೆ ತೋರಿಸುವ ಆಸೆಯಿಂದ ಬಂದವರನ್ನೆಲ್ಲ ಸೇರಿಸಿಕೊಳ್ಳದೆ, ಕನಿಷ್ಠ ಒಂದು ವರ್ಷದ ಲಿಖಿತ ಒಪ್ಪಿಗೆ ಪಡೆಯಬೇಕು. 18 ತುಂಬಿ ಸಂಸ್ಥೆಯಿಂದ ಹೊರಬೀಳುವವರಿಗೆ 21 ವರ್ಷದವರೆಗೆ ಅನುಪಾಲನೆಯ, ಅಂದರೆ ಸಂಸ್ಥೆ ಬಿಟ್ಟ ಮೇಲಿನ ನೆರವಿನ, ಅವಕಾಶ ಕಾನೂನಿನಲ್ಲಿಯೇ ಇರುವುದರಿಂದ, ಒಬ್ಬರೇ ಮೆಂಟರ್ ಅಲ್ಲಿಯವರೆಗೂ ಜೊತೆಗಿರುವಂತೆ ವ್ಯವಸ್ಥೆ ಮಾಡುವುದು ಕಷ್ಟವೇನಲ್ಲ. ಬೆಂಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ಕನ್ನಡ ಬಲ್ಲ, ಪರಿಶೀಲನೆ ಮುಗಿದ ಮಾರ್ಗದರ್ಶಕರ ಪಟ್ಟಿಯೊಂದನ್ನು, ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮೊದಲೇ, ಬಡಾವಣೆವಾರು ಸಿದ್ಧಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಹನುಮಂತನಗರ, ಬೆಂಗಳೂರು